ಅರ್ಧ ದಂಡ ಕಟ್ಟಿದವರ ಲೈಸೆನ್ಸ್ ಏನಾಯಿತು? ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಪ್ರತಿ: ಗೃಹ ಸಚಿವರಿಗೆ, ಸಂಚಾರ ಮತ್ತು ರಸ್ತೆ ಸುರಕ್ಷತೆ ವಿಭಾಗದ ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕರಿಗೆ.

ಮಾನ್ಯರೇ,

ಬಾಕಿ ಉಳಿದ ಸಂಚಾರ ದಂಡದ ಮೇಲೆ ಶೇ 50 ರಿಯಾಯಿತಿ ಕೊಡುವ ಪದ್ಧತಿ ನಮ್ಮ ರಾಜ್ಯದಲ್ಲಿ ಈಗ ವಾಡಿಕೆಯೇ ಆಗಿದೆ. 2023ರ ಫೆಬ್ರವರಿಯಲ್ಲಿ ಅದು ಮೊದಲು ಜಾರಿಯಾದಾಗ ಜನ ಠಾಣೆಗಳ ಮುಂದೆ ಸಾಲುಗಟ್ಟಿ ನಿಂತು ಹಣ ಕಟ್ಟಿದರು. ಕೆಲವೇ ದಿನಗಳಲ್ಲಿ ಖಜಾನೆಗೆ ನೂರು ಕೋಟಿ ರೂಪಾಯಿಗೂ ಹೆಚ್ಚು ಬಂತು. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಅದೇ ಅವಕಾಶ ಮತ್ತೆ ಸಿಕ್ಕಿತು. ಹಳೆಯ ಬಾಕಿ ವಸೂಲಿಗೆ ಇದು ಒಳ್ಳೆಯ ಉಪಾಯವೇ ಇರಬಹುದು, ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅಂಗಡಿಯ ಮುಂದೆ ನಿಲ್ಲಿಸಬಾರದ ಕಡೆ ಸ್ಕೂಟರ್ ನಿಲ್ಲಿಸಿ ಹಾಲು ತರಲು ಹೋದವನಿಗೂ, ಶಾಲೆ ಬಿಡುವ ಹೊತ್ತಿನಲ್ಲಿ ಒಂದು ಕೈಯಲ್ಲಿ ಮೊಬೈಲ್ ಹಿಡಿದು ಮತ್ತೊಂದು ಕೈಯಲ್ಲಿ ಕಾರು ತಿರುಗಿಸಿದವನಿಗೂ ಸರ್ಕಾರ ಒಂದೇ ರಿಯಾಯಿತಿ ಕೊಟ್ಟಿತು. ಮೊದಲನೆಯದು ಸಣ್ಣ ತಪ್ಪು. ಎರಡನೆಯದನ್ನು ಸಂಸತ್ತು ‘ಅಪಾಯಕಾರಿ ಚಾಲನೆ’ ಎಂದು ಕಾನೂನಿನಲ್ಲಿ ಬರೆದಿಟ್ಟಿದೆ.

ನಾನು ತುಮಕೂರಿನಲ್ಲಿ ಮೋಟಾರು ಅಪಘಾತ ಪರಿಹಾರದ ಪ್ರಕರಣಗಳನ್ನು ನಡೆಸುವ ವಕೀಲ. ರಾಷ್ಟ್ರೀಯ ಹೆದ್ದಾರಿ 48 ನಮ್ಮ ಜಿಲ್ಲೆಯನ್ನು ಹಾದು ಹೋಗುವುದರಿಂದ ನನ್ನಂಥವರಿಗೆ ಕೆಲಸಕ್ಕೆ ಕೊರತೆಯಿಲ್ಲ. ಇದು ಹೆಮ್ಮೆಯಿಂದ ಹೇಳುವ ಮಾತಲ್ಲ ಎಂದು ತಮಗೂ ಗೊತ್ತು. ಈ ಪತ್ರದಲ್ಲಿ ಹೊಸ ಕಾನೂನು ಬೇಕೆಂದು ನಾನು ಕೇಳುತ್ತಿಲ್ಲ. ಇರುವ ಕಾನೂನಿನ ಅರ್ಧ ಭಾಗವನ್ನು ಮಾತ್ರ, ಅದೂ ಹಣ ಬರುವ ಅರ್ಧವನ್ನು ಮಾತ್ರ, ನಾವು ಜಾರಿ ಮಾಡುತ್ತಿದ್ದೇವೆ. ಉಳಿದ ಅರ್ಧ ಎಲ್ಲಿ ಹೋಯಿತು ಎಂಬುದು ನನ್ನ ಪ್ರಶ್ನೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಇದನ್ನು ಓದುವ ಸಾರ್ವಜನಿಕರಿಗಾಗಿ ಸ್ವಲ್ಪ ವಿವರಿಸುತ್ತೇನೆ. 2019ಕ್ಕೆ ಮೊದಲು ಗೊಂದಲವಿತ್ತು. ವಾಹನ ಓಡಿಸುತ್ತಾ ಫೋನಿನಲ್ಲಿ ಮಾತನಾಡಿದ್ದಷ್ಟಕ್ಕೇ, ಸಾರ್ವಜನಿಕರಿಗೆ ಅಪಾಯ ಒಡ್ಡಿದನೆಂದು ತೋರಿಸದೆ, ಪೊಲೀಸ್ ಕಾಯ್ದೆಯಡಿ ಶಿಕ್ಷಿಸಲಾಗದು ಎಂದು 2018ರಲ್ಲಿ ಕೇರಳ ಹೈಕೋರ್ಟ್ ಹೇಳಿತ್ತು. ಮರುವರ್ಷವೇ ಸಂಸತ್ತು ಆ ಸಂದು ಮುಚ್ಚಿತು. ಮೋಟಾರು ವಾಹನ ಕಾಯ್ದೆಯ 184ನೇ ಕಲಮಿಗೆ ವಿವರಣೆ ಸೇರಿಸಿ, ಕೆಂಪು ದೀಪ ದಾಟುವುದು ಮತ್ತು ಎದುರು ದಿಕ್ಕಿನಲ್ಲಿ ಓಡಿಸುವುದರ ಜೊತೆಗೆ ಚಾಲನೆಯ ವೇಳೆ ಮೊಬೈಲನ್ನು ಕೈಯಲ್ಲಿ ಹಿಡಿದು ಬಳಸುವುದನ್ನೂ ಅಪಾಯಕಾರಿ ಚಾಲನೆಯ ಪಟ್ಟಿಗೆ ಹಾಕಿತು. ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಅಥವಾ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿ ದಂಡ. 2019ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೊಸ ದಂಡಗಳನ್ನು ಜಾರಿಗೆ ತಂದು, ಜನರ ಗಲಾಟೆ ಕೇಳಿ ಅದೇ ತಿಂಗಳಲ್ಲಿ ಇಳಿಸಿತು. ಮೊಬೈಲ್ ಬಳಕೆಗೆ ನ್ಯಾಯಾಲಯಕ್ಕೆ ಹೋಗದೆ ಸ್ಥಳದಲ್ಲೇ ಕಟ್ಟಿ ಮುಗಿಸುವ ರಾಜಿ ದಂಡ ಬೈಕಿಗೆ 1,500, ಕಾರಿಗೆ 3,000, ದೊಡ್ಡ ವಾಹನಗಳಿಗೆ 5,000 ಎಂದಾಯಿತು. ರಿಯಾಯಿತಿಯ ದಿನಗಳಲ್ಲಿ ಬೈಕಿನವನು 750 ರೂಪಾಯಿ ಕಟ್ಟಿ ಮನೆಗೆ ಹೋಗುತ್ತಾನೆ.

ಸಾರ್ವಜನಿಕರಿಗೆ ಗೊತ್ತಿರುವುದು ಇಷ್ಟೇ. ಅದೇ ಕಾಯ್ದೆಯ 206ನೇ ಕಲಮಿನ ನಾಲ್ಕನೇ ಉಪಕಲಮು ಇನ್ನೊಂದು ಮಾತು ಹೇಳುತ್ತದೆ. 184ರ ಅಪರಾಧ ಮಾಡಿದ್ದಾನೆಂದು ನಂಬಲು ಕಾರಣವಿದ್ದರೆ ಪೊಲೀಸ್ ಅಧಿಕಾರಿ ಚಾಲಕನ ಲೈಸೆನ್ಸನ್ನು ವಶಕ್ಕೆ ಪಡೆದು ಲೈಸೆನ್ಸ್ ಪ್ರಾಧಿಕಾರಕ್ಕೆ, ಅಂದರೆ ಸಾರಿಗೆ ಕಚೇರಿಗೆ, ಕಳುಹಿಸಬೇಕು. ‘ಕಳುಹಿಸಬಹುದು’ ಎಂದಿಲ್ಲ, ಕಳುಹಿಸಬೇಕು ಎಂದೇ ಇದೆ. ಪ್ರಾಧಿಕಾರ ಚಾಲಕನ ಅಹವಾಲು ಕೇಳಿ, ಒಪ್ಪಿಗೆಯಾಗದಿದ್ದರೆ, 19ನೇ ಕಲಮಿನಡಿ ಮೊದಲ ಸಲಕ್ಕೆ ಮೂರು ತಿಂಗಳು ಅನರ್ಹಗೊಳಿಸಬಹುದು, ಎರಡನೇ ಸಲ ಲೈಸೆನ್ಸನ್ನೇ ರದ್ದು ಮಾಡಬಹುದು. ಇದು 2019ರಲ್ಲಿ ಹುಟ್ಟಿದ ಯೋಚನೆಯೂ ಅಲ್ಲ. ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಅವರ ನೇತೃತ್ವದ ಸುಪ್ರೀಂ ಕೋರ್ಟ್ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ಎಲ್ಲ ರಾಜ್ಯಗಳಿಗೆ ಇದನ್ನು ತಿಳಿಸಿತ್ತು: ವಾಹನ ಓಡಿಸುತ್ತಾ ಮೊಬೈಲ್ ಬಳಸಿದರೆ ಕನಿಷ್ಠ ಮೂರು ತಿಂಗಳು ಲೈಸೆನ್ಸ್ ಅಮಾನತು. ಹತ್ತು ವರ್ಷ ಕಳೆದಿವೆ.

ಇನ್ನೂ ಒಂದು ಮಾತಿದೆ, ಅದು ಅರ್ಧ ದಂಡ ಕಟ್ಟಿ ನಿರಾಳವಾದವರಿಗೆ ಗೊತ್ತೇ ಇಲ್ಲ. ರಾಜಿ ದಂಡದ ಬಗ್ಗೆ ಹೇಳುವ 200ನೇ ಕಲಮಿನ ಪ್ರಕಾರ, ದಂಡ ಕಟ್ಟಿ ಮುಗಿಸಿದ ಪ್ರಕರಣವೂ ಮುಂದಿನ ಅಪರಾಧದ ಲೆಕ್ಕಕ್ಕೆ ‘ಹಿಂದಿನ ಅಪರಾಧ’ವೇ. ದಂಡ ಕಟ್ಟಿದ ಮಾತ್ರಕ್ಕೆ ಲೈಸೆನ್ಸ್ ಮೇಲಿನ ಕ್ರಮದಿಂದ ಬಿಡುಗಡೆಯೂ ಇಲ್ಲ. ಅಂದರೆ ಪೂರ್ತಿ ಕಟ್ಟಿದರೂ ಅರ್ಧ ಕಟ್ಟಿದರೂ ಚಾಲಕನ ಖಾತೆಯಲ್ಲಿ ಒಂದು ಕಪ್ಪು ಗೆರೆ ಉಳಿಯಬೇಕು. ಹಾಗಿದ್ದರೆ ಆ ಗೆರೆ ಎಲ್ಲಿ, ಸಚಿವರೇ? ಇಷ್ಟು ವರ್ಷಗಳಲ್ಲಿ ನನ್ನ ಕೈಗೆ ಬಂದ ಚಾಲಕರ ಲೈಸೆನ್ಸ್ ದಾಖಲೆಗಳಲ್ಲಿ ಮೊಬೈಲ್ ಕಾರಣಕ್ಕೆ ಅಮಾನತಾದ ಒಂದು ನಮೂದನ್ನೂ ನಾನು ಕಂಡಿಲ್ಲ. ನಮ್ಮ ಚಾಲಕರು ಅಷ್ಟು ಸಂಭಾವಿತರಾಗಿರುವುದರಿಂದ ಹೀಗಾಗಿದೆ ಎಂದು ನಂಬಲು ಬಿ.ಎಚ್. ರಸ್ತೆಯಲ್ಲಿ ಐದು ನಿಮಿಷ ನಿಂತರೆ ಸಾಧ್ಯವಾಗುವುದಿಲ್ಲ.

ಅಲ್ಲಿ ಕಾಣುವುದು ಇದು. ಹೆಲ್ಮೆಟ್ಟಿನೊಳಗೆ ಕಿವಿ ಪಕ್ಕಕ್ಕೆ ಮೊಬೈಲ್ ತುರುಕಿಕೊಂಡು, ಯಾರಿಗೋ ಗದರುತ್ತಾ ಹೋಗುವ ಬೈಕಿನವರು. ಹೆಲ್ಮೆಟ್ ಇಲ್ಲದವರಾದರೆ ಕತ್ತನ್ನು ಭುಜಕ್ಕೆ ಒತ್ತಿ, ನೆಟ್ಟಗೆ ನೋಡಲೂ ಆಗದ ಭಂಗಿಯಲ್ಲಿ ಟೌನ್‌ಹಾಲ್ ವೃತ್ತ ಸುತ್ತುವವರು. ಸ್ಟೀರಿಂಗ್ ಮೇಲೆ ಮೊಬೈಲ್ ಇಟ್ಟುಕೊಂಡು ರೀಲ್ಸ್ ನೋಡುತ್ತಾ ಬಾಡಿಗೆಗೆ ಕಾಯುವ, ಕಾಯುತ್ತಲೇ ಮುಂದಕ್ಕೆ ಚಲಿಸುವ ಆಟೊದವರು. ಕೆಂಪು ದೀಪಕ್ಕೆ ನಿಂತ ಕ್ಷಣ ಎಲ್ಲರ ತಲೆಯೂ ಒಟ್ಟಿಗೆ ಬಾಗುತ್ತದೆ. ಹಸಿರು ಬಂದ ಮೇಲೆ ಹಿಂದಿನವನು ಹಾರ್ನ್ ಬಾರಿಸಿದರಷ್ಟೇ ಏಳುತ್ತದೆ. ಇವರಲ್ಲಿ ಪೊಲೀಸ್ ಸಮವಸ್ತ್ರದಲ್ಲಿರುವವರೂ ಇರುತ್ತಾರೆ, ಸರ್ಕಾರಿ ಜೀಪು ಓಡಿಸುವವರೂ ಇರುತ್ತಾರೆ, ಕರಿ ಕೋಟಿನವರೂ ಇರುತ್ತಾರೆ.

ಲೈಸೆನ್ಸಿಗೆ ಏಕೆ ಏನೂ ಆಗುವುದಿಲ್ಲ ಎಂಬುದಕ್ಕೆ ಒಂದು ಕಾರಣ ಕ್ಯಾಮೆರಾ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಸೇರಿ, ಕ್ಯಾಮೆರಾ ಕಂಡ ತಪ್ಪಿಗೂ ಚಲನ್ ಕಳುಹಿಸಲು ದಾರಿಯಾಯಿತು; ಮೊಬೈಲ್ ಬಳಕೆಯೂ ಆ ಪಟ್ಟಿಯಲ್ಲಿದೆ. ಬೆಂಗಳೂರಿನ 50 ವೃತ್ತಗಳಲ್ಲಿ 2022ರ ಡಿಸೆಂಬರ್‌ನಿಂದ ಇಂಥ ಕ್ಯಾಮೆರಾಗಳಿವೆ. ಆಮೇಲೆ ಬೆಂಗಳೂರು–ಮೈಸೂರು ಹೆದ್ದಾರಿಗೂ ಬಂದವು. ಕ್ಯಾಮೆರಾ ಲಂಚ ಕೇಳುವುದಿಲ್ಲ, ಶಾಸಕರ ಹೆಸರು ಹೇಳಿದರೆ ಬಿಡುವುದಿಲ್ಲ. ಅದರ ಮೇಲೆ ನನಗೆ ಗೌರವವಿದೆ. ಆದರೆ ಅದು ಓದುವುದು ನಂಬರ್ ಪ್ಲೇಟನ್ನು. ಚಲನ್ ಹೋಗುವುದು ವಾಹನದ ಮಾಲೀಕನಿಗೆ. ಮಗ ಕಾರು ಓಡಿಸಿ ಮಾತನಾಡಿದ, ಅಪ್ಪನ ಮೊಬೈಲಿಗೆ ಸಂದೇಶ ಬಂತು, ಅಪ್ಪ ಹಣ ಕಟ್ಟಿದ. ಟ್ರಾವೆಲ್ಸ್ ಮಾಲೀಕನಾದರೆ ಹತ್ತು ಗಾಡಿಯ ಚಲನ್‌ಗಳನ್ನು ಒಟ್ಟುಮಾಡಿಟ್ಟು ರಿಯಾಯಿತಿಗೆ ಕಾಯುತ್ತಾನೆ. ಚಾಲಕ ನಾಳೆ ಇನ್ನೊಂದು ಗಾಡಿ ಹತ್ತಿದರೆ ಅವನ ಮಟ್ಟಿಗೆ ಅದು ಯಾವಾಗಲೂ ಮೊದಲ ಅಪರಾಧವೇ. ಮೂರು ವರ್ಷದೊಳಗಿನ ಎರಡನೇ ತಪ್ಪು ಎಂಬ ಲೆಕ್ಕವೇ ಈ ವ್ಯವಸ್ಥೆಯಲ್ಲಿ ಹುಟ್ಟುವುದಿಲ್ಲ.

ಇದಕ್ಕೂ ಕಾಯ್ದೆಯಲ್ಲಿ ಉತ್ತರವಿದೆ. 133ನೇ ಕಲಮಿನಂತೆ, ಆ ಹೊತ್ತಿನಲ್ಲಿ ವಾಹನ ಓಡಿಸುತ್ತಿದ್ದವನ ಹೆಸರು, ವಿಳಾಸ, ಲೈಸೆನ್ಸ್ ವಿವರವನ್ನು ಪೊಲೀಸರು ಕೇಳಿದರೆ ಮಾಲೀಕ ಕೊಡಲೇಬೇಕು. ಅಪಘಾತದಲ್ಲಿ ಯಾರಾದರೂ ಸತ್ತಾಗ ತನಿಖಾಧಿಕಾರಿ ಈ ಕಲಮಿನಡಿ ನೋಟಿಸು ಕೊಡುತ್ತಾರೆ, ಮಾಲೀಕ ಉತ್ತರ ಬರೆದುಕೊಡುತ್ತಾನೆ. ಆ ಕಾಗದ ನಮ್ಮ ಪ್ರತಿ ಕಡತದಲ್ಲೂ ಇರುತ್ತದೆ. ಅದನ್ನೇ ಚಲನ್ ಜೊತೆಗೆ ಏಕೆ ಕೇಳಬಾರದು? ಹಣ ಕಟ್ಟುವ ಪುಟದಲ್ಲಿ ಚಾಲಕನ ಲೈಸೆನ್ಸ್ ಸಂಖ್ಯೆ ತುಂಬದೆ 184ರ ದಂಡ ಸ್ವೀಕರಿಸುವುದಿಲ್ಲ ಎಂದು ಒಂದು ಖಾನೆ ಸೇರಿಸಿದರೆ ಸಾಕು. ಅಮಾನತಾದ, ರದ್ದಾದ ಲೈಸೆನ್ಸುಗಳ ವಿವರವನ್ನು ಪೋರ್ಟಲಿನಲ್ಲಿ ಕಾಲಕಾಲಕ್ಕೆ ದಾಖಲಿಸಬೇಕೆಂದು 2020ರ ಅಕ್ಟೋಬರ್ 1ರಿಂದ ನಿಯಮವೇ ಇದೆ. ತಮಾಷೆಯೆಂದರೆ, ಮೊಬೈಲನ್ನು ದಾರಿ ತೋರಿಸುವುದಕ್ಕೆ ಮಾತ್ರ, ಚಾಲಕನ ಗಮನ ಕೆಡದಂತೆ ಬಳಸಬಹುದು ಎಂದು ಹೇಳಿದ್ದೂ ಅದೇ ಅಧಿಸೂಚನೆ. ಜನರಿಗೆ ಮ್ಯಾಪ್ ನೋಡಬಹುದು ಎಂಬುದಷ್ಟೇ ತಲುಪಿತು, ಇಲಾಖೆಗೂ ಅಷ್ಟೇ ತಲುಪಿದಂತಿದೆ.

ಇನ್ನು ನಾನು ದಿನವೂ ಕಾಣುವ ಜಾಗಕ್ಕೆ ಬರುತ್ತೇನೆ.

ಅಪಘಾತದ ಎಫ್‌ಐಆರ್‌ಗಳನ್ನು ಓದಿದವರಿಗೆ ಒಂದು ವಾಕ್ಯ ಬಾಯಿಪಾಠವಾಗಿರುತ್ತದೆ: ‘ಸದರಿ ವಾಹನದ ಚಾಲಕನು ತನ್ನ ವಾಹನವನ್ನು ಅತಿವೇಗ ಮತ್ತು ಅಜಾಗರೂಕತೆಯಿಂದ ಓಡಿಸಿಕೊಂಡು ಬಂದು...’ ಬೀದರಿನಿಂದ ಚಾಮರಾಜನಗರದವರೆಗೆ ಇದರಲ್ಲಿ ಅಕ್ಷರ ವ್ಯತ್ಯಾಸವಿಲ್ಲ. ಜೊತೆಗೆ ಮೋಟಾರು ವಾಹನ ನಿರೀಕ್ಷಕರ ವರದಿ, ‘ಅಪಘಾತವು ವಾಹನದ ಯಾಂತ್ರಿಕ ದೋಷದಿಂದ ಸಂಭವಿಸಿರುವುದಿಲ್ಲ’ ಎಂಬ ಷರಾದೊಂದಿಗೆ. ಮುಗಿಯಿತು. ಅಜಾಗರೂಕ ಚಾಲನೆ, ನಿರ್ಲಕ್ಷ್ಯದಿಂದ ಸಾವು ಎಂದು ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106ನೇ ಕಲಮುಗಳಡಿ ದೋಷಾರೋಪ ಪಟ್ಟಿ ಸಿದ್ಧ. ಅತಿವೇಗ ಎಂದರೆ ಎಷ್ಟು ವೇಗ, ಅಜಾಗರೂಕತೆ ಎಂದರೆ ಏನು ಮಾಡುತ್ತಿದ್ದ, ಇವೆರಡಕ್ಕೂ ಕಡತದಲ್ಲಿ ಉತ್ತರವಿರುವುದಿಲ್ಲ.

ಬೇರೊಂದು ಜಿಲ್ಲೆಯಿಂದ ನನ್ನ ಬಳಿಗೆ ಬಂದ ಒಂದು ಪ್ರಕರಣ ನೆನಪಾಗುತ್ತದೆ. ಮೊಪೆಡ್ಡಿನಲ್ಲಿ ಹುಲ್ಲು ಹೇರಿಕೊಂಡು ಹೋಗುತ್ತಿದ್ದ ರೈತನಿಗೆ ಹಿಂದಿನಿಂದ ಗೂಡ್ಸ್ ಟೆಂಪೊ ಗುದ್ದಿತ್ತು. ನೇರವಾದ ರಸ್ತೆ, ಹಗಲು ಹನ್ನೊಂದು ಗಂಟೆ, ಮಳೆಯಿಲ್ಲ. ಮಹಜರಿನಲ್ಲಿ ಬ್ರೇಕ್ ಹಾಕಿದ ಗುರುತೇ ಇಲ್ಲ. ಪಕ್ಕದ ಟೀ ಅಂಗಡಿಯಾಕೆ ನನ್ನೆದುರು ಹೇಳಿದ್ದು ಇಷ್ಟು: ‘ಆ ಹುಡುಗ ತೊಡೆ ಮೇಲೆ ನೋಡುತ್ತಿದ್ದ ಸ್ವಾಮಿ, ಗುದ್ದಿದ ಮೇಲೆಯೇ ತಲೆ ಎತ್ತಿದ್ದು.’ ಪೊಲೀಸರಿಗೂ ಹಾಗೆಯೇ ಹೇಳಿದೆ ಎಂದಳು. ಪೊಲೀಸರು ಬರೆದುಕೊಂಡ ಅವಳ ಹೇಳಿಕೆಯಲ್ಲಿ ತೊಡೆಯೂ ಇಲ್ಲ, ಮೊಬೈಲೂ ಇಲ್ಲ. ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಎಂಬುದು ಮಾತ್ರ ಇದೆ, ಆ ಹೆಂಗಸಿನ ಬಾಯಲ್ಲಿ ಎಂದೂ ಬರಲಾರದ ಭಾಷೆಯಲ್ಲಿ. ಚಾಲಕನ ಫೋನನ್ನು ಯಾರೂ ಮುಟ್ಟಿರಲಿಲ್ಲ. ಅವನ ಕರೆ ವಿವರ ತರಿಸಿರಲಿಲ್ಲ. ಪರಿಹಾರದ ಹಣ ಬಂತು, ಏಕೆಂದರೆ ಹಿಂದಿನಿಂದ ಗುದ್ದಿದ್ದು ಎಂದಷ್ಟೇ ಸಾಬೀತಾದರೂ ನ್ಯಾಯಮಂಡಳಿಗೆ ಸಾಕು. ವಿಮಾ ಕಂಪನಿ ಕೊಟ್ಟಿತು. ಚಾಲಕ ಜಾಮೀನಿನ ಮೇಲೆ ಹೊರಬಂದು ಅದೇ ಮಾರ್ಗದಲ್ಲಿ ಗಾಡಿ ಓಡಿಸುತ್ತಿದ್ದಾನೆಂದು ಆಮೇಲೆ ಆ ಊರಿನವರೇ ಹೇಳಿದರು.

ಕರೆ ವಿವರ ತರಿಸುವುದು ದೊಡ್ಡ ವಿದ್ಯೆಯೇನಲ್ಲ. ದೂರವಾಣಿ ಕಂಪನಿಗಳು ಎರಡು ವರ್ಷದ ವಿವರವನ್ನು ಇಟ್ಟುಕೊಳ್ಳಬೇಕೆಂದು 2021ರಲ್ಲೇ ಆದೇಶವಾಗಿದೆ. ಕಳವಿನ ಪ್ರಕರಣದಲ್ಲಿ, ಓಡಿಹೋದ ಪ್ರೇಮಿಗಳ ಪ್ರಕರಣದಲ್ಲಿ ಪೊಲೀಸರು ಮೊದಲು ಮಾಡುವ ಕೆಲಸವೇ ಅದು. ಎಷ್ಟು ಗಂಟೆಗೆ ಕರೆ ಶುರುವಾಯಿತು, ಎಷ್ಟು ಸೆಕೆಂಡು ನಡೆಯಿತು ಎಂಬುದು ಅದರಲ್ಲಿರುತ್ತದೆ. ಚಾಲಕ ವಿಡಿಯೊ ನೋಡುತ್ತಿದ್ದನೇ ಎಂಬುದು ಅದರಿಂದ ತಿಳಿಯದು, ಅದಕ್ಕೆ ಫೋನನ್ನೇ ಪರೀಕ್ಷೆಗೆ ಕಳುಹಿಸಬೇಕಾಗುತ್ತದೆ. ಆದರೂ ಅರ್ಧದಷ್ಟು ಪ್ರಶ್ನೆಗಳಿಗೆ ಅಲ್ಲಿ ಉತ್ತರ ಸಿಗುತ್ತದೆ. 1997ರಲ್ಲಿ, ನಮ್ಮಲ್ಲಿ ಮೊಬೈಲ್ ಎಂದರೆ ಶ್ರೀಮಂತರ ಸೊತ್ತಾಗಿದ್ದ ಕಾಲದಲ್ಲಿ, ಕೆನಡಾದ ಟೊರೊಂಟೊದಲ್ಲಿ ಸಂಶೋಧಕರು ಅಪಘಾತವಾದ 699 ಚಾಲಕರ ಫೋನ್ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಕರೆಯ ಹೊತ್ತನ್ನೂ ಅಪಘಾತದ ಹೊತ್ತನ್ನೂ ತಾಳೆ ನೋಡಿದರು. ಫೋನಿನಲ್ಲಿರುವಾಗ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಎಂದು ತಿಳಿದದ್ದು ಹಾಗೆ. ಕೈಯಲ್ಲಿ ಹಿಡಿಯದೆ ಮಾತನಾಡುವ ಸಾಧನದಿಂದ ಅಪಾಯ ಕಡಿಮೆಯಾದದ್ದು ಅವರಿಗೆ ಕಾಣಲಿಲ್ಲ. ಬ್ಲೂಟೂತ್ ಇದೆ, ಕಾನೂನು ಅಡ್ಡಿಯಿಲ್ಲ ಎಂದು ಗಂಟೆಗಟ್ಟಲೆ ಹರಟುತ್ತಾ ಬೆಂಗಳೂರಿನಿಂದ ದಾವಣಗೆರೆಗೆ ಕಾರು ಓಡಿಸುವವರು ಇದನ್ನು ಗಮನಿಸಬೇಕು.

ಕಡತದಲ್ಲಿ ಮೊಬೈಲ್ ಇಲ್ಲದಿರುವುದರ ಫಲ ದೆಹಲಿಯವರೆಗೂ ಹೋಗುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ ಮೊಬೈಲ್ ಬಳಕೆಯ ಲೆಕ್ಕಕ್ಕೆ ಹೋದವರು 3,395 ಮಂದಿ, ಅಂದರೆ ನೂರಕ್ಕೆ ಇಬ್ಬರು. ಅತಿವೇಗದ ಲೆಕ್ಕಕ್ಕೆ ನೂರಕ್ಕೆ 71. ಠಾಣೆಯಲ್ಲಿ ಬರೆದ ವಾಕ್ಯವೇ ಅಂಕಿಯಾಗಿ ಮೇಲೆ ಹೋಗುತ್ತದೆ, ಮೇಲಿನಿಂದ ನೀತಿಯಾಗಿ ಕೆಳಗೆ ಬರುತ್ತದೆ. ಹೀಗಾಗಿ ಉಬ್ಬು ಹಾಕುತ್ತೇವೆ, ವೇಗ ಅಳೆಯುವ ಯಂತ್ರ ಕೊಳ್ಳುತ್ತೇವೆ. ಗಂಟೆಗೆ 60 ಕಿಲೋಮೀಟರ್, ಅಂದರೆ ಕಾನೂನಿನೊಳಗಿನ ವೇಗದಲ್ಲೇ ಹೋಗುವವನು ಐದು ಸೆಕೆಂಡು ಸಂದೇಶ ಓದಿದರೆ 83 ಮೀಟರ್ ರಸ್ತೆಯನ್ನು ನೋಡದೆ ದಾಟಿರುತ್ತಾನೆ. ಅವನನ್ನು ವೇಗದ ಯಂತ್ರ ಹಿಡಿಯಲಾರದು.

ನ್ಯಾಯಮಂಡಳಿಯಲ್ಲಿ ಮೊಬೈಲ್ ಸುದ್ದಿ ಬರುವುದೇ ಇಲ್ಲ ಎಂದಲ್ಲ. ಬರುತ್ತದೆ, ಸತ್ತವನ ಮೊಬೈಲ್. ಬೈಕಿನವನು ಸತ್ತಿದ್ದರೆ ಅವನ ಹೆಂಡತಿಯನ್ನು ಸಾಕ್ಷಿಕಟ್ಟೆಗೆ ಹತ್ತಿಸಿ ವಿಮಾ ಕಂಪನಿಯ ವಕೀಲರು ಪಾಟಿ ಸವಾಲು ಮಾಡುತ್ತಾರೆ. ‘ನನ್ನ ಗಂಡ ಮೊಬೈಲಿನಲ್ಲಿ ಮಾತನಾಡುತ್ತಾ ಹೋಗಿದ್ದರಿಂದಲೇ ಅಪಘಾತವಾಯಿತು ಎಂದರೆ ಸರಿಯಲ್ಲ’ ಎಂದು ಅವಳ ಹೇಳಿಕೆಯಲ್ಲಿ ದಾಖಲಾಗುತ್ತದೆ. ಅವನದೂ ತಪ್ಪಿತ್ತು ಎಂದಾದರೆ ಪರಿಹಾರದಲ್ಲಿ ಅಷ್ಟು ಪಾಲು ಕಡಿತ. ಹಣ ಉಳಿಯುವ ಕಡೆ ಎಲ್ಲರಿಗೂ ಮೊಬೈಲ್ ನೆನಪಾಗುತ್ತದೆ. ಕೊಂದವನ ಕಿಸೆಯಲ್ಲಿದ್ದ ಫೋನನ್ನು ಹುಡುಕುವ ಹೊಣೆ ಮಾತ್ರ ಯಾರದೂ ಅಲ್ಲ.

ಇಷ್ಟು ಬಿಗಿಯಾಗಿ ಬರೆದ ಮೇಲೆ ಒಂದು ವರ್ಗದ ಪರವಾಗಿ ಮಾತನಾಡದಿದ್ದರೆ ಅನ್ಯಾಯವಾಗುತ್ತದೆ. ಊಟ, ದಿನಸಿ ತಲುಪಿಸುವ ಹುಡುಗರ ಹ್ಯಾಂಡಲ್ ಮೇಲೆ ಕೂತ ಮೊಬೈಲ್ ಅವರ ಕಚೇರಿ, ಮೇಸ್ತ್ರಿ, ಹಾಜರಿ ಪುಸ್ತಕ ಎಲ್ಲವೂ ಹೌದು. ಬೈಕ್ ಓಡುತ್ತಿರುವಾಗಲೇ ಮುಂದಿನ ಆರ್ಡರ್ ಸದ್ದು ಮಾಡುತ್ತದೆ, ಕೆಲವೇ ಸೆಕೆಂಡಿನಲ್ಲಿ ಒಪ್ಪಿಕೊಳ್ಳದಿದ್ದರೆ ಕೈತಪ್ಪುತ್ತದೆ. ಗ್ರಾಹಕ ‘ಎಲ್ಲಿದ್ದೀರಿ’ ಎಂದು ಕರೆ ಮಾಡುತ್ತಾನೆ. ಆ ಗ್ರಾಹಕ ನಾನೂ ಆಗಿರಬಹುದು, ತಾವೂ ಆಗಿರಬಹುದು. ಅವನನ್ನು ಹಿಡಿದು 1,500 ರೂಪಾಯಿ ಹಾಕಿದರೆ ಒಂದೆರಡು ದಿನದ ದುಡಿಮೆ ಹೋಯಿತು, ಆ್ಯಪ್ ನಡೆಸುವ ಕಂಪನಿಗೆ ಏನೂ ಆಗಲಿಲ್ಲ. ಆ್ಯಪ್ ಮೂಲಕ ದುಡಿಯುವ ಇಂಥ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು 2025ರಲ್ಲಿ ಕಾಯ್ದೆ ತಂದ ಸರ್ಕಾರ ತಮ್ಮದು. ಬೈಕ್ ಚಲಿಸುತ್ತಿರುವಾಗ ಹೊಸ ಆರ್ಡರ್ ತೋರಿಸಬಾರದು, ನಿಂತ ಮೇಲೆಯೇ ಕಾಲಾವಧಿ ಎಣಿಕೆ ಶುರುವಾಗಬೇಕು ಎಂದು ಆ ಕಂಪನಿಗಳಿಗೆ ಹೇಳುವ ಅಧಿಕಾರ ತಮಗಿದೆ. ವಾಹನ ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂಬುದು ಕ್ಷಣಕ್ಷಣಕ್ಕೂ ಆ ಆ್ಯಪಿಗೆ ಗೊತ್ತಿರುವಾಗ ಇದು ಆಗದ ಕೆಲಸ ಎಂದು ಯಾರೂ ಹೇಳಲಾರರು.

ಲೈಸೆನ್ಸ್ ಅಮಾನತು ಮಾಡಿದರೆ ಚಾಲಕನ ಹೊಟ್ಟೆಯ ಮೇಲೆ ಹೊಡೆದಂತೆ ಎಂಬ ಮಾತು ಬಂದೇ ಬರುತ್ತದೆ. ಅದು ನಿಜ, ಅದಕ್ಕಾಗಿಯೇ ಕಾಯ್ದೆ ನೋಟಿಸು ಕೊಟ್ಟು ಅಹವಾಲು ಕೇಳಬೇಕು, ಕಾರಣ ಬರೆಯಬೇಕು ಎಂದಿದೆ. ಸಂಚಾರ ಪೇದೆ ರಸ್ತೆಯಲ್ಲೇ ತೀರ್ಪು ಕೊಡುವುದು ನನಗೂ ಬೇಡ. ಬ್ರಿಟನ್ನಿನಲ್ಲಿ ಕೈಯಲ್ಲಿ ಫೋನ್ ಹಿಡಿದು ಓಡಿಸಿದರೆ 200 ಪೌಂಡ್ ದಂಡದ ಜೊತೆಗೆ ಲೈಸೆನ್ಸಿನ ಮೇಲೆ ಆರು ಅಂಕ ಬೀಳುತ್ತವೆ. ಪರೀಕ್ಷೆ ಪಾಸಾಗಿ ಎರಡು ವರ್ಷ ತುಂಬದ ಹೊಸಬನಾದರೆ ಆರಕ್ಕೇ ಲೈಸೆನ್ಸ್ ಹೋಗುತ್ತದೆ. ಅಲ್ಲಿರುವ ನಮ್ಮ ಕನ್ನಡದ ಹುಡುಗರು ಕಾರು ಹತ್ತಿದೊಡನೆ ಫೋನನ್ನು ಪಕ್ಕಕ್ಕಿಡುತ್ತಾರೆ. ಅದೇ ಹುಡುಗರು ರಜೆಗೆ ಊರಿಗೆ ಬಂದಾಗ ಮಾಡುವುದೇನೆಂದು ನಾವೆಲ್ಲ ನೋಡಿದ್ದೇವೆ.

ಆದ್ದರಿಂದ ನನ್ನ ಕೋರಿಕೆ ಹೀಗಿದೆ. ಮುಂದಿನ ಸಲ ರಿಯಾಯಿತಿ ಆದೇಶ ಹೊರಡಿಸುವಾಗ 184ನೇ ಕಲಮಿನ ಪ್ರಕರಣಗಳನ್ನು ಹೊರಗಿಡಿ. ಆ ಕಲಮಿನ ಇ-ಚಲನ್‌ಗೆ ಚಾಲಕನ ಲೈಸೆನ್ಸ್ ಸಂಖ್ಯೆಯನ್ನು ಕಡ್ಡಾಯ ಮಾಡಿ, ಅದು ತಾನಾಗಿ ಸಾರಿಗೆ ಕಚೇರಿಗೆ ಹೋಗುವಂತೆ ಮಾಡಿ. ಸಾವು ಸಂಭವಿಸಿದ ಪ್ರತಿ ಅಪಘಾತದಲ್ಲೂ ಬದುಕುಳಿದ ಚಾಲಕನ ಕರೆ ವಿವರ ತರಿಸಬೇಕೆಂದು ಗೃಹ ಇಲಾಖೆಯಿಂದ ಒಂದು ಸುತ್ತೋಲೆ ಕೊಡಿಸಿ. ಸಾಕ್ಷಿ ಹೇಳಿದ ಮಾತನ್ನು ಸಾಕ್ಷಿಯ ಮಾತಿನಲ್ಲೇ ಬರೆಯಿರಿ ಎಂದು ಅದರಲ್ಲೇ ಒಂದು ಸಾಲು ಸೇರಿಸಿದರೆ ಇನ್ನೂ ಒಳ್ಳೆಯದು. ಇದಾವುದಕ್ಕೂ ಶಾಸನಸಭೆಯ ಮುಂದೆ ಹೋಗಬೇಕಿಲ್ಲ, ಬಜೆಟ್ಟಿನಲ್ಲಿ ಹಣ ಇಡಬೇಕಿಲ್ಲ.

ಇವೆಲ್ಲಕ್ಕೂ ಮೊದಲು ಒಂದು ಸಣ್ಣ ಲೆಕ್ಕ ಬೇಕು. 2019ರ ಸೆಪ್ಟೆಂಬರ್‌ನಿಂದ ಇಂದಿನವರೆಗೆ ಮೊಬೈಲ್ ಬಳಕೆಗೆಂದು ರಾಜ್ಯದಲ್ಲಿ ಹಾಕಿದ ಪ್ರಕರಣಗಳೆಷ್ಟು, ಅವುಗಳಲ್ಲಿ ಪೊಲೀಸರು ಸಾರಿಗೆ ಕಚೇರಿಗಳಿಗೆ ಕಳುಹಿಸಿದ ಲೈಸೆನ್ಸುಗಳೆಷ್ಟು, ಅಮಾನತಾದವು ಎಷ್ಟು, ಅರ್ಧ ದಂಡಕ್ಕೆ ಮುಗಿದವು ಎಷ್ಟು ಎಂಬುದನ್ನು ಪ್ರತಿ ಸಾರಿಗೆ ಕಚೇರಿಯವಾರು ಪ್ರಕಟಿಸಿ. ಇದನ್ನು ಮಾಹಿತಿ ಹಕ್ಕಿನ ಅರ್ಜಿಯಲ್ಲೂ ಕೇಳಬಹುದು, ಮೂವತ್ತು ದಿನ ಕಾಯಬಹುದು, ಮೇಲ್ಮನವಿಯನ್ನೂ ಹಾಕಬಹುದು. ತಾವೇ ಸದನದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ತುಮಕೂರು ಕಚೇರಿಯ ಅಂಕಿಗಳು ಮೊದಲು ಬಂದರೆ ನನಗೆ ಸಂತೋಷ.

ಇತಿ ತಮ್ಮ ವಿಶ್ವಾಸಿ,
ತುಮಕೂರಿನ ಒಬ್ಬ ವಕೀಲ